ಚಪ್ಪಲಿ ಹಾಕಿ ಬೈಕ್ ಓಡಿಸಿದರೆ ದಂಡ ಇದೆಯಾ?

'ಹವಾಯಿ ಚಪ್ಪಲಿ, ಲುಂಗಿ, ಅರ್ಧ ತೋಳಿನ ಅಂಗಿಯಲ್ಲಿ ಬೈಕ್ ಓಡಿಸಿದರೆ ಸಾವಿರ ರೂಪಾಯಿ ದಂಡ!' ಈ ಮೆಸೇಜು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ತಿರುಗಿ ಬರುತ್ತದೆ. ಇದು ಸುಳ್ಳು.

ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಹೆಚ್ಚಿದ ದಂಡಗಳು ಜಾರಿಗೆ ಬಂದದ್ದು 2019ರ ಸೆಪ್ಟೆಂಬರ್ 1ಕ್ಕೆ. ಗಾಬರಿ ಹುಟ್ಟಿದ್ದೂ ಆಗಲೇ. ಅದೇ ತಿಂಗಳು ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಸ್ಪಷ್ಟನೆ ಕೊಟ್ಟಿತು: ಚಪ್ಪಲಿ, ಲುಂಗಿ, ಅರ್ಧ ತೋಳಿನ ಅಂಗಿಗೆ ದಂಡ ಇಲ್ಲ. ಕಾರಿನ ಗಾಜು ಕೊಳೆಯಾಗಿದ್ದರೂ, ಹೆಚ್ಚುವರಿ ಬಲ್ಬ್ ಇಟ್ಟುಕೊಳ್ಳದಿದ್ದರೂ ಇಲ್ಲ.

ಹಾಗಂತ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೋಗಬೇಡಿ. ಅದಕ್ಕೆ ಕೇಂದ್ರ ಕಾಯ್ದೆಯಲ್ಲಿ 1,000 ರೂಪಾಯಿ ದಂಡವಿದೆ, ಮೂರು ತಿಂಗಳು ಲೈಸೆನ್ಸ್ ಅಮಾನತಾಗಬಹುದು. ಕರ್ನಾಟಕ ಸರ್ಕಾರ 2019ರಲ್ಲೇ ದಂಡವನ್ನು 500ಕ್ಕೆ ಇಳಿಸಿತು. ಲೈಸೆನ್ಸ್ ಇಲ್ಲದೆ ಓಡಿಸಿದರೆ ಕೇಂದ್ರ ಕಾಯ್ದೆಯ ಲೆಕ್ಕದಲ್ಲಿ 5,000.

ಇನ್ನು ಚಪ್ಪಲಿ ವಿಷಯ. ದಂಡ ಇಲ್ಲ ನಿಜ, ಆದರೆ ಮಳೆಯಲ್ಲಿ ನೆನೆದ ಹವಾಯಿ ಚಪ್ಪಲಿ, ಗೇರ್ ಹಾಕುವಾಗ ಕಾಲಿಂದ ಜಾರುತ್ತದೆ, ಅಲ್ವಾ? ನಾನಂತೂ ಮಳೆಗಾಲದಲ್ಲಿ ಪಟ್ಟಿ ಇರುವ ಸ್ಯಾಂಡಲ್ಲನ್ನೇ ಹಾಕುವುದು.