ಹಸಿದ ಕ್ಲೋರಿನ್, ಹೊಟ್ಟೆ ತುಂಬಿದ ಕ್ಲೋರೈಡ್

"ಉಪ್ಪಿನಲ್ಲಿ ಕ್ಲೋರಿನ್ ಇದೆ, ಯುದ್ಧದಲ್ಲಿ ಜನರನ್ನು ಕೊಂದ ವಿಷ ಅದು, ಇವತ್ತೇ ಉಪ್ಪು ಬಿಡಿ" ಎಂಬ ಫಾರ್ವರ್ಡ್ ಮತ್ತೆ ಬಂದಿದೆ. ಈ ಸಲ ಸುಮ್ನೆ ಇರಲು ಆಗಲಿಲ್ಲ.

ಅರ್ಧ ಮಾತು ನಿಜ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಸಿಲಿಂಡರುಗಳಿಂದ ಹೊರಬಿಟ್ಟ ಹಳದಿ-ಹಸಿರು ಗಾಳಿ ಕ್ಲೋರಿನ್ನೇ. ಆದರೆ ಉಪ್ಪಿನಲ್ಲಿ ಸೋಡಿಯಂ ಜೊತೆಗಿರುವುದು ಕ್ಲೋರೈಡ್. ಹೆಸರಿನ ಬಾಲವಷ್ಟೇ ಬೇರೆ ಅನ್ನಿಸುತ್ತದೆ, ಅಲ್ವಾ? ಇಡೀ ವಿಷಯ ಇರುವುದೇ ಆ ಬಾಲದಲ್ಲಿ.

ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್: ಒಂದೇ ಮನೆತನದ ಮೂಲವಸ್ತುಗಳು ಇವು. ಈ ಹ್ಯಾಲೊಜೆನ್‌ಗಳಿಗೆಲ್ಲ ಒಂದೇ ಕೊರಗು. ಪರಮಾಣುವಿನ ಹೊರಗಿನ ಕವಚದಲ್ಲಿ 7 ಎಲೆಕ್ಟ್ರಾನ್ ಇವೆ, ಬೇಕಾಗಿರುವುದು 8. ಎರಡೆರಡು ಪರಮಾಣು ಹಂಚಿಕೊಂಡು ಬಾಳಿದರೂ ಹಸಿವು ಪೂರ್ತಿ ತೀರುವುದಿಲ್ಲ. ಎದುರಿಗೆ ಸೋಡಿಯಂ ಸಿಕ್ಕರೆ ಅದು ತಾನಾಗಿಯೇ ಒಂದನ್ನು ಕೊಡುತ್ತದೆ. ಶ್ವಾಸಕೋಶ ಸಿಕ್ಕರೆ ಒಳಗೆಲ್ಲ ಸುಡುತ್ತದೆ. ಆ ಒಂದು ಎಲೆಕ್ಟ್ರಾನ್ ದಕ್ಕಿದ ಕ್ಲೋರಿನ್ ಕ್ಲೋರೈಡ್ ಆಗಿ ತೆಪ್ಪಗೆ ಕೂರುತ್ತದೆ. ನಮ್ಮ ರಕ್ತದಲ್ಲಿ ಓಡಾಡುತ್ತಿರುವುದು ಅದೇ. ಹ್ಯಾಲೊಜೆನ್ ಎಂಬ ಹೆಸರಿನ ಅರ್ಥವೇ ಉಪ್ಪು ಹುಟ್ಟಿಸುವುದು ಅಂತ.

ಫ್ಲೋರಿನ್ನಂತೂ ಇವರಲ್ಲೆಲ್ಲ ಹೊಟ್ಟೆಬಾಕ. ಅದನ್ನು ಬೇರ್ಪಡಿಸಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಕೊನೆಗೆ 1886ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಆನ್ರಿ ಮೊಯ್ಸಾನ್ ಗೆದ್ದ. ಟೂತ್‌ಪೇಸ್ಟಿನ ಫ್ಲೋರೈಡ್ ಇದೇ ಮನೆತನದ ಸಾಧು ಪ್ರಾಣಿ.

ಹಸಿದ ಕ್ಲೋರಿನ್ನನ್ನು ನಾನೂ ಒಮ್ಮೆ ಕಂಡಿದ್ದೇನೆ, ನನ್ನದೇ ದಡ್ಡತನದಿಂದ. ಬಚ್ಚಲಿಗೆ ಬ್ಲೀಚ್ ಹಾಕಿದ್ದೆ. ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಆಸಿಡ್ ಸುರಿದೆ. ಬುಸ್ ಅಂತ ನೊರೆ ಎದ್ದಿತು. ಮೂಗಿನೊಳಗೆ ಸೂಜಿ ಆಡಿಸಿದ ಹಾಗಾಯಿತು. ಕಣ್ಣಲ್ಲಿ ನೀರು, ಬಿಡದ ಕೆಮ್ಮು. ಎಲ್ಲ ಅಲ್ಲೇ ಬಿಟ್ಟು ಹೊರಗೆ ಓಡಿದೆ. ಬ್ಲೀಚಿನ ಹೈಪೊಕ್ಲೋರೈಟಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲವೇ ಹೊರಬರುತ್ತದೆ. ಫಾರ್ವರ್ಡ್ ಮಾಡಲೇಬೇಕು ಅಂದರೆ ಇದನ್ನು ಮಾಡಿ ಮಾರಾಯ್ರೇ!

ಹಾಗಂತ ಬಾಲ ಬದಲಾದ ಕೂಡಲೇ ಎಲ್ಲ ನಿರುಪದ್ರವಿ ಅಂತಲ್ಲ. ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಒಳ್ಳೆಯದು. ಕುಡಿಯುವ ನೀರಿನಲ್ಲಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅದೇ ಹಲ್ಲಿಗೆ ಕಲೆ, ಮೂಳೆಗೂ ತೊಂದರೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದರೆ ದಯವಿಟ್ಟು ಕೇಳಿ. ಬಿಪಿ ವಿಷಯದಲ್ಲಿ ಅವರು ಮುಖ್ಯವಾಗಿ ಬಯ್ಯುವುದು ಸೋಡಿಯಂಗೆ.