ನಾಯಿ ಬಾಲಕ್ಕೆ ಹತ್ತು ಸೆಷನ್

ನನಗೆ ನಡೆಯೋಕೆ ಬರುವುದಿಲ್ಲ ಎಂದು ಗೊತ್ತಾಗಿದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಅಲ್ಲಿವರೆಗೆ ಸುಮ್ನೆ ನಡೆದುಕೊಂಡೇ ಓಡಾಡುತ್ತಿದ್ದೆ.

ಕಂಡುಹಿಡಿದವರು ಒಬ್ಬ ಭಂಗಿ ತಜ್ಞರು. ಸೇದುವ ಭಂಗಿಯಲ್ಲ, ನಿಲ್ಲುವ ಭಂಗಿ. ಆಮೇಲೆ ನೋಡಿದರೆ ಎರಡಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ, ಒಮ್ಮೆ ಚಟ ಹತ್ತಿದರೆ ಬಿಡೋದು ಕಷ್ಟ. ನನ್ನನ್ನು ಗೋಡೆಗೆ ಪಕ್ಕ ಮಾಡಿ ನಿಲ್ಲಿಸಿ ಫೋಟೊ ತೆಗೆದರು. ಅದರ ಮೇಲೆ ಬೆರಳಾಡಿಸಿ ಕೆಂಪು ಗೆರೆ ಎಳೆದರು. ಗಾರೆ ಮೇಸ್ತ್ರಿ ಗೋಡೆಗೆ ದಾರ ಇಳಿಬಿಟ್ಟು ನೋಡುತ್ತಾನಲ್ಲ, ಹಾಗೆ ಕಿವಿ, ಭುಜ, ಸೊಂಟ, ಮಂಡಿ, ಹರಡು ಎಲ್ಲಾ ಒಂದೇ ಗೆರೆಗೆ ಬರಬೇಕಂತೆ. ನನ್ನವು ಬಸ್ಸಿಗೆ ಕಾದು ಬೇಜಾರಾದ ಜನರ ಥರ ಆಚೀಚೆ ನಿಂತಿದ್ದವು.

‘ಇಷ್ಟು ವರ್ಷ ಹೇಗೆ ನಡೆದ್ರಿ ಸರ್?’ ಎಂದು ಮರುಕದಿಂದ ಕೇಳಿದರು.

‘ಕಾಲಲ್ಲೇ’ ಎಂದೆ. ಅವರು ನಗಲಿಲ್ಲ. ನಕ್ಕರೆ ದವಡೆ ಗೆರೆ ತಪ್ಪುತ್ತೇನೋ.

ಮೊದಲ ದಿನ ತಾಡಾಸನ. ಅದರಲ್ಲೇನಿದೆ, ನಿಂತುಕೊಂಡರಾಯ್ತು ಎಂದುಕೊಂಡಿದ್ದೆ. ‘ಪಾದದ ನಾಲ್ಕೂ ಮೂಲೆ ನೆಲಕ್ಕೆ ಒತ್ತಿ. ಮಂಡಿಚಿಪ್ಪು ಮೇಲಕ್ಕೆ ಎಳೀರಿ. ಬಾಲದ ಮೂಳೆ ಕೆಳಕ್ಕೆ, ಹೊಕ್ಕುಳು ಒಳಕ್ಕೆ, ಭುಜ ಹಿಂದಕ್ಕೆ. ಪಕ್ಕೆಲುಬು ಮುಚ್ಚಿ, ಎದೆ ತೆರೀರಿ. ನೆತ್ತಿಗೆ ದಾರ ಕಟ್ಟಿ ಯಾರೋ ಮೇಲಿಂದ ಎಳೀತಿದ್ದಾರೆ ಅಂದ್ಕೊಳ್ಳಿ. ಹಾಂ, ಈಗ ಆರಾಮಾಗಿರಿ.’ ಪಕ್ಕೆಲುಬು ಮುಚ್ಚಿ ಎದೆ ತೆರೆಯುವುದು ಹೇಗೆ ಎಂಬ ಯೋಚನೆಯಲ್ಲಿ ನಾನು ಉಸಿರಾಡುವುದನ್ನೇ ಮರೆತಿದ್ದೆ. ಆಸನ ಎಂದರೆ ‘ಸ್ಥಿರಸುಖಮಾಸನಂ’ ಎಂದು ಪತಂಜಲಿ ಒಂದೇ ಮಾತಿನಲ್ಲಿ ಮುಗಿಸಿದ್ದಾನೆ. ನಮ್ಮ ತಜ್ಞರು ಸ್ಥಿರವನ್ನು ನಮಗೆ ಹಂಚಿ, ಸುಖವನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು.

ಎರಡನೇ ವಾರ ನಡಿಗೆ. ಒಂದು ಪಾದದಲ್ಲಿ 26 ಮೂಳೆ. ನಡೆಯುವಾಗ ಪ್ರತಿ ಕಾಲೂ ಶೇ. 60ರಷ್ಟು ಹೊತ್ತು ನೆಲದ ಮೇಲೆ, ಶೇ. 40ರಷ್ಟು ಹೊತ್ತು ಗಾಳಿಯಲ್ಲಿ ಇರುತ್ತದೆ. ಮಧ್ಯೆ ಮಧ್ಯೆ ಎರಡೂ ಕಾಲು ನೆಲದಲ್ಲಿ. ಈ ಲೆಕ್ಕವನ್ನೆಲ್ಲ ಇಷ್ಟು ವರ್ಷ ಕಾಲು ನನ್ನನ್ನು ಕೇಳದೇ ನೋಡಿಕೊಂಡಿತ್ತು. ಈಗ ಅಧಿಕಾರ ನನ್ನ ಕೈಗೆ ಬಂತು, ಆಡಳಿತ ಕುಸಿಯಿತು. ‘ಹಿಮ್ಮಡಿ ಮೊದಲು’ ಎಂದು ನಮ್ಮವರು ಹೇಳಿದರೆ, ಮೊಬೈಲಿನಲ್ಲಿ ಬರಿಗಾಲಿನ ಇನ್ನೊಬ್ಬರು ‘ಹಿಮ್ಮಡಿ ಊರಿದರೆ ಕೆಟ್ಟಿರಿ, ಮುಂಗಾಲು ಮೊದಲು’ ಎನ್ನುತ್ತಿದ್ದರು. ನಾನು ಇಬ್ಬರ ಮರ್ಯಾದೆಯನ್ನೂ ಉಳಿಸಲು ಹೋಗಿ ಗೇಟಿನ ಹತ್ತಿರ ನಿಂತೇಬಿಟ್ಟೆ. ವಾಚ್‌ಮನ್ ಓಡಿ ಬಂದ. ‘ಏನ್ ಸಾರ್, ಮುಳ್ಳು ಚುಚ್ತಾ?’

ಮೂರನೇ ವಾರ ಬಾಡಿವರ್ಕ್. ಮಗ್ಗುಲಾಗಿ ಮಲಗಿಸಿ, ಮೊಣಕೈಯನ್ನು ನನ್ನ ತೊಡೆಗೆ ಊರಿ, ಮಂಡಿವರೆಗೆ ನಿಧಾನವಾಗಿ ಎಳೆದರು. ಚರ್ಮದ ಕೆಳಗೆ ಬಿಗಿದ ಹಗ್ಗದಂಥದ್ದೇನೋ ಟಣ್ ಎಂದು ಜಾರಿತು. ಕಣ್ಣಲ್ಲಿ ನೀರು.

‘ನಿಮ್ಮ ಹಳೇ ದುಃಖ ಸರ್, ಹೊರಗೆ ಬರ್ತಿದೆ.’

ದುಃಖ ಹಳೇದಾಗಿರಲಿಲ್ಲ. ಮೊಣಕೈ ಊರಿದ ಮೇಲೆ ಶುರುವಾಗಿತ್ತು.

ಈ ಮೊಣಕೈ ವಿದ್ಯೆಗೂ ವಂಶಾವಳಿ ಇದೆ. ಅಮೆರಿಕದ ಐಡಾ ರಾಲ್ಫ್ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಸ್ನಾಯುಗಳನ್ನು ಸುತ್ತಿಕೊಂಡ ಪೊರೆಯನ್ನು ಒತ್ತಿ ಎಳೆದರೆ ದೇಹ ಗುರುತ್ವಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ ಎಂದರು, ಅದಕ್ಕೆ ಹತ್ತು ಸೆಷನ್ ಗೊತ್ತುಮಾಡಿದರು. ನಮ್ಮವರು ಆ ಹತ್ತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ಫೀಸೂ ಹತ್ತಕ್ಕೇ ಮುಂಗಡ. ರಂಗದ ಮೇಲೆ ವಾಚನ ಮಾಡುತ್ತಾ ದನಿ ಕಳೆದುಕೊಂಡ ಎಫ್. ಎಂ. ಅಲೆಕ್ಸಾಂಡರ್ ಕನ್ನಡಿ ಮುಂದೆ ತಿಂಗಳುಗಟ್ಟಲೆ ನಿಂತು ಕಂಡುಕೊಂಡಿದ್ದು ಬೇರೆ: ಸರಿ ಮಾಡುತ್ತೇನೆ ಎಂದು ಹೊರಟಾಗಲೇ ಹಳೇ ತಪ್ಪು ನುಗ್ಗಿ ಬರುತ್ತದೆ. ಭೌತವಿಜ್ಞಾನಿ ಮತ್ತು ಜೂಡೊ ಪಟು ಮೋಶೆ ಫೆಲ್ಡೆನ್‌ಕ್ರೈಸ್‌ಗಂತೂ ಭಂಗಿಗಿರುವ ‘ಪೋಸ್ಚರ್’ ಎಂಬ ಪದವೇ ಹಿಡಿಸಲಿಲ್ಲ. ಅದು ಕದಲದೆ ನಿಂತ ಹಾಗಿದೆ ಎಂದು ‘ಆಕ್ಷನ್’ ಬೆರೆಸಿ ‘ಆಕ್ಚರ್’ ಎಂಬ ಹೊಸ ಪದ ಕಟ್ಟಿದರು. ಈ ಕೊನೆಯ ಇಬ್ಬರ ಫೋಟೊಗಳೂ ನಮ್ಮ ಕೇಂದ್ರದ ಗೋಡೆ ಮೇಲಿವೆ. ಅವರು ಹೇಳಿದ್ದು ಗೋಡೆಯಾಚೆಗಿದೆ.

ಇಷ್ಟು ಸಾಲದು ಎಂದು ಬೆನ್ನಿಗೆ ಅಂಟಿಸಿಕೊಳ್ಳುವ ಒಂದು ಯಂತ್ರ ತಗೊಂಡೆ. ಬಗ್ಗಿದರೆ ಗುಂಯ್ ಎನ್ನುತ್ತದೆ. ಎಷ್ಟು ಬಗ್ಗಿದೆ ಎಂಬುದು ಮೊಬೈಲಿಗೆ ಬರುತ್ತದೆ. ಅದನ್ನು ನೋಡಲು ಬಗ್ಗಬೇಕು. ಮತ್ತೆ ಗುಂಯ್. ಒಂದು ಸಂಜೆ ನಾವಿಬ್ಬರೂ ಹೀಗೆ ಅರ್ಧ ಗಂಟೆ ಮಾತಾಡಿದೆವು. ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆ ಮೇಲೆ 27 ಕೆ.ಜಿ. ಭಾರ ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. 2014ರ ಆ ಲೆಕ್ಕ ಕಂಪ್ಯೂಟರ್ ಮಾದರಿಯದು, ಜೀವಂತ ಕುತ್ತಿಗೆಗಳನ್ನು ಅಳೆದದ್ದಲ್ಲ. ಜೀವಂತ ಕುತ್ತಿಗೆಗಳೆಲ್ಲ ಆಗ ಬಗ್ಗಿ ಆ ಸುದ್ದಿ ಓದುತ್ತಿದ್ದವು.

ಇದೇನೂ ಇವತ್ತಿನ ಹುಚ್ಚಲ್ಲ ಬಿಡಿ. 1917ರಲ್ಲೇ ಹಾರ್ವರ್ಡ್‌ಗೆ ಹೊಸದಾಗಿ ಸೇರಿದ ಹುಡುಗರನ್ನು ಪರೀಕ್ಷಿಸಿ, ಶೇ. 80ರಷ್ಟು ಜನರ ನಿಲುವು ಸರಿಯಿಲ್ಲ ಎಂದರು. ನೂರಕ್ಕೆ ಎಂಬತ್ತು ಜನ ತಪ್ಪಾಗಿ ನಿಂತರೆ ಅಳತೆಗೋಲೇ ಡೊಂಕಾಗಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಆಮೇಲೆ 1940ರಿಂದ 60ರ ದಶಕದವರೆಗೂ ಅಲ್ಲಿನ ದೊಡ್ಡ ದೊಡ್ಡ ಕಾಲೇಜುಗಳು ಹೊಸ ವಿದ್ಯಾರ್ಥಿಗಳನ್ನು ಬೆತ್ತಲೆ ನಿಲ್ಲಿಸಿ, ಯೇಲ್‌ನಲ್ಲಂತೂ ಬೆನ್ನಿಗೆ ಲೋಹದ ಕಡ್ಡಿ ಅಂಟಿಸಿ, ಭಂಗಿಯ ಫೋಟೊ ತೆಗೆದವು. ಮುಂದೆ ನಾಚಿಕೆಯಾಗಿ ಬಹಳಷ್ಟನ್ನು ನಾಶ ಮಾಡಿದರು. ನನಗೆ ಬನಿಯನ್ ಉಳಿಸಿದ್ದಾರಲ್ಲ, ಅಷ್ಟರಮಟ್ಟಿಗೆ ಪ್ರಗತಿ.

ಸುಳ್ಳು ಹೇಳಬಾರದು. ಒತ್ತಿಸಿಕೊಂಡ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೈಕಾಲು ಆಡಿಸುವ ಆಸನಗಳಿಂದ ಸೊಂಟ ಹಗುರಾಯಿತು. ಹಳೇ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಯೋಗದಂಥದ್ದನ್ನು ಮಾಡಿ ನೋಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಎಂಬ ವೈದ್ಯರ ಸಂಘವೇ 2017ರಲ್ಲಿ ಹೇಳಿದೆ. ಹಗುರಾಗಿದ್ದೇ ಸಾಕು ಎಂದು ಹೊರಟಿದ್ದರೆ ಮುಗಿದಿತ್ತು. ಆದರೆ ಹಗುರಾದದ್ದು ಫೋಟೊದಲ್ಲಿ ಕಾಣುವುದಿಲ್ಲ, ಅಲ್ವಾ? ಹತ್ತನೇ ಸೆಷನ್ ಮುಗಿದ ಮೇಲೆ ಮತ್ತೆ ಗೋಡೆ, ಮತ್ತೆ ಕೆಂಪು ಗೆರೆ. ನಾಯಿ ಬಾಲ ಇದ್ದಲ್ಲೇ ಇತ್ತು. ತಜ್ಞರು ಲೈಟ್ ಜಾಸ್ತಿ ಮಾಡಿ ‘ಸ್ವಲ್ಪ ನಗಿ ಸರ್’ ಎಂದರು. ಮೊದಲ ಫೋಟೊದ ಪಕ್ಕ ಇಟ್ಟು ನೋಡಿದರೆ ನಿಜಕ್ಕೂ ಬೇರೆ ಮನುಷ್ಯ.

ಹೊರಗೆ ಬಂದಾಗ ವರಾಂಡದಲ್ಲಿ ಒಂದು ವರ್ಷ ತುಂಬಿದ ಮಗು ನಡೆಯುತ್ತಿತ್ತು. ಹೊಟ್ಟೆ ಮುಂದಕ್ಕೆ, ಕಾಲು ಅಗಲಕ್ಕೆ, ಎರಡೂ ಕೈ ಮೇಲಕ್ಕೆ. ಪಕ್ಕೆಲುಬು ಮುಚ್ಚಿರಲಿಲ್ಲ, ಹೊಕ್ಕುಳಂತೂ ಪೂರ್ತಿ ಹೊರಗೆ. ಈ ವಯಸ್ಸಿನ ಮಕ್ಕಳು ಆಡುವಾಗ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕಿ 17 ಸಲ ಬೀಳುತ್ತವೆ ಎಂದು 2012ರಲ್ಲಿ ಕೂತು ಎಣಿಸಿದವರಿದ್ದಾರೆ. ನಡೆಯುವವರೆಡವದೆ ಕುಳಿತವರೆಡವುವರೇ! ಮಗು ಬಿತ್ತು, ಎದ್ದಿತು, ಯಾರನ್ನೂ ಕೇಳದೆ ಹೊರಟಿತು.

ತಜ್ಞರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮಗುವಿನ ಅಮ್ಮನ ಹತ್ತಿರ ಹೋಗಿ, ದನಿ ತಗ್ಗಿಸಿ ಹೇಳಿದರು: ‘ಮೇಡಂ, ಹಿಮ್ಮಡಿ ಸರಿಯಾಗಿ ಊರ್ತಿಲ್ಲ. ಈಗಲೇ ಬಂದಿದ್ದು ಒಳ್ಳೇದಾಯ್ತು.’