ಭಿನ್ನರಾಶಿ ಬರುವ ಹೊತ್ತಿಗೆ ನಾವು ಬೂಕನಬೆಟ್ಟದಲ್ಲಿ ಇರುತ್ತಿದ್ದೆವು

ನಿನ್ನೆ ಅಣ್ಣ ಫೋನ್ ಮಾಡಿದ್ದ. ದೀಪಾವಳಿ ಮುಗಿದ ಮೇಲೆ ಶೋ ಹೊರಡುತ್ತದೆ ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪುನ ಏನು ಮಾಡಲಿ?" ಅಂತ ಕೇಳಿದ. ಮಗಳು ಐದನೇ ಕ್ಲಾಸು. ಹಾಸನಕ್ಕೆ ಕಳಿಸು, ನನ್ನ ಹತ್ತಿರ ಇರಲಿ ಅಂದೆ. ಅವಳು ಅಮ್ಮನನ್ನು ಬಿಟ್ಟು ಇರೋದಿಲ್ಲ. ಆ ವಯಸ್ಸಲ್ಲಿ ನಾನೂ ಇರುತ್ತಿರಲಿಲ್ಲ.

ನಮ್ಮದು ವೆರೈಟಿ ಶೋ. ಅಪ್ಪ ಮ್ಯಾಜಿಕ್ ಮಾಡುತ್ತಿದ್ದರು. ಅಮ್ಮ ರೆಕಾರ್ಡ್ ಡಾನ್ಸ್. ಚಿಕ್ಕಪ್ಪ ಒಂಟಿ ಚಕ್ರದ ಸೈಕಲ್ ಹೊಡೆಯೋದು, ಬೆಂಕಿ ಉಗುಳೋದು. ದೊಡ್ಡಮ್ಮ ಟಿಕೆಟ್ ಹರಿಯುತ್ತಿದ್ದರು. ರಾಮನಾಥಪುರದ ಷಷ್ಠಿ, ಬೂಕನಬೆಟ್ಟದ ದನಗಳ ಜಾತ್ರೆ, ಸಕಲೇಶಪುರ, ಕೊನೆಗೆ ಬೇಲೂರು ತೇರು. ಮಳೆ ಹಿಡಿದ ಮೇಲೆ ಟೆಂಟ್ ಮಡಚಿ ಅರಸೀಕೆರೆ ಕಡೆಯ ನಮ್ಮ ಹಳ್ಳಿಗೆ.

ಸಂಜೆ ಐದಕ್ಕೆ ಅಮ್ಮ ಬಿಳಿ ಸಫೇದ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚಿಕೊಳ್ಳಲು ಕೂರುತ್ತಿದ್ದಳು. ಕನ್ನಡಿ ಹಿಡಿಯೋದು ನನ್ನ ಕೆಲಸ. ಕೈ ಸ್ವಲ್ಪ ಅಲ್ಲಾಡಿದರೂ ಹುಬ್ಬು ಸೊಟ್ಟ ಆಗುತ್ತಿತ್ತು. ಲಂಗದಿಂದ ಉದುರಿದ ಚಮಕಿಯನ್ನು ಬೆಳಿಗ್ಗೆ ಮಣ್ಣಿನಿಂದ ಹೆಕ್ಕಿ ಬೆಂಕಿಪೊಟ್ಟಣದಲ್ಲಿ ಹಾಕಿಡುತ್ತಿದ್ದೆವು, ಮತ್ತೆ ಹೊಲಿಯೋಕೆ. ಚಿಕ್ಕಪ್ಪನಿಗೆ ಎರಡನೇ ಶೋ ಆದಮೇಲೆ ಊಟ ಸೇರುತ್ತಿರಲಿಲ್ಲ. ಬಾಯೆಲ್ಲಾ ಸೀಮೆಎಣ್ಣೆ. ಬೆಲ್ಲದ ಚೂರು ಚೀಪುತ್ತಾ ಹಾಗೇ ಮಲಗಿಬಿಡುತ್ತಿದ್ದ. ಕಷ್ಟ ಇತ್ತು, ನಿಜ. ಆದರೆ ಅಷ್ಟು ಜನ ಒಟ್ಟಿಗೆ ಉಣ್ಣುತ್ತಿದ್ದ ಮನೆಯನ್ನು ಆಮೇಲೆ ನಾನು ಎಲ್ಲೂ ನೋಡಿಲ್ಲ.

ನನಗೆ ಸಿಗದೇ ಹೋಗಿದ್ದು ಸ್ಕೂಲು. ಜೂನ್‌ನಲ್ಲಿ ಹಳ್ಳಿಯ ಶಾಲೆಗೆ ಸೇರುತ್ತಿದ್ದೆ, ದೀಪಾವಳಿ ಆದ ಮೇಲೆ ಬಿಡುತ್ತಿದ್ದೆ. ಪ್ರತಿ ವರ್ಷವೂ ಅಷ್ಟೇ. ಎಲ್ಲ ಪುಸ್ತಕದ ಮೊದಲರ್ಧ ನನಗೆ ಬಾಯಿಪಾಠ, ಉಳಿದರ್ಧ ತೆರೆದೇ ಇಲ್ಲ. ಲೆಕ್ಕದಲ್ಲಿ ಭಿನ್ನರಾಶಿ ಬರುವ ಹೊತ್ತಿಗೆ ನಾವು ಬೂಕನಬೆಟ್ಟದಲ್ಲಿ ಇರುತ್ತಿದ್ದೆವು. ಇವತ್ತಿಗೂ ಬ್ಲೌಸ್ ಅಳತೆ ಹಾಕುವಾಗ ಮುಕ್ಕಾಲರಲ್ಲಿ ಅರ್ಧ ಎಷ್ಟು ಅಂತ ಟೇಪು ಮಡಚಿ ನೋಡಿಕೊಳ್ಳುತ್ತೇನೆ.

ಒಂದು ವರ್ಷ ಮಾತ್ರ ಬೇರೆ ಥರ ಆಯಿತು. ಜಾತ್ರೆ ಮೈದಾನದ ಹತ್ತಿರದ ಶಾಲೆಯ ನಲ್ಲಿಗೆ ನೀರಿಗೆ ಹೋಗಿದ್ದೆ. ಮೇಷ್ಟ್ರು ಕೊಡ ಕೆಳಗೆ ಇಡಿಸಿ, ಒಳಗೆ ಕರೆದು ಕೂರಿಸಿದರು. ಹನ್ನೊಂದು ದಿನ ಅಲ್ಲಿ ಕೂತೆ. ಹೊರಡುವ ದಿನ ಒಂದು ಹಾಳೆಯಲ್ಲಿ ಬರೆದುಕೊಟ್ಟರು: ಈ ಹುಡುಗಿ ಇಷ್ಟು ದಿನ ಬಂದಿದ್ದಾಳೆ, ಕನ್ನಡದಲ್ಲಿ ಇಲ್ಲಿಯವರೆಗೆ, ಲೆಕ್ಕದಲ್ಲಿ ಇಲ್ಲಿಯವರೆಗೆ ಆಗಿದೆ, ದಯವಿಟ್ಟು ಮುಂದುವರಿಸಿ. ಕೆಳಗೆ ಸೀಲು. ಅಪ್ಪ ಅದನ್ನು ಮ್ಯಾಜಿಕ್ ಪೆಟ್ಟಿಗೆಯಲ್ಲಿ, ರೇಷ್ಮೆ ಕರ್ಚೀಫುಗಳ ಜೊತೆ ಇಟ್ಟುಕೊಂಡರು. ಮುಂದಿನ ಊರಿನ ಶಾಲೆಯಲ್ಲಿ ಟಿಸಿ ಕೇಳಿದರು. ಆ ಹಾಳೆ ಬಿಚ್ಚಿ ಕೂಡ ನೋಡಲಿಲ್ಲ. ಅಪ್ಪ ಕಾಂಪೌಂಡ್ ದಾಟುವವರೆಗೂ ನನ್ನ ಕೈ ಬಿಡಲಿಲ್ಲ, ಒಂದು ಮಾತೂ ಆಡಲಿಲ್ಲ.

ಇದು ಹಳೇ ಕಥೆ, ಆಗ ಕಾನೂನು ಇರಲಿಲ್ಲ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಹೋದ ವರ್ಷ ಅಣ್ಣನ ಮಗಳಿಗೂ ಇದೇ ಆಯಿತು. "ಹದಿನೈದು ದಿನಕ್ಕೆ ಯಾಕೆ ಸೇರಿಸ್ತೀರಿ?" ಅಂದರಂತೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆಯಲ್ಲಿ ಸೀಟು ನಿರಾಕರಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವ ಹಾಗಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಇದೆಲ್ಲ ಅದರಲ್ಲೇ ಬರೆದಿದೆ.

ಇನ್ನೊಂದು ಮಾತು. ಶೋ ನೋಡೋಕೆ ಬಂದವರು "ಪಾಪ, ಮಕ್ಕಳನ್ನ ಕುಣಿಸ್ತಾರೆ" ಅಂತ ನಮ್ಮ ಮುಖಕ್ಕೇ ಹೇಳುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟು ಸರ್ಕಸ್‌ನಲ್ಲಿ ಮಕ್ಕಳನ್ನು ದುಡಿಸಬಾರದು ಅಂತ ಹೇಳಿತು. ಸರಿಯಾಗೇ ಹೇಳಿತು. ನಮ್ಮ ಶೋ ಸರ್ಕಸ್ ಅಲ್ಲ, ಆದರೂ ಅಣ್ಣ ಮಗಳನ್ನು ಒಂದು ದಿನಕ್ಕೂ ಸ್ಟೇಜಿಗೆ ಹತ್ತಿಸಿಲ್ಲ. ಆದರೆ ಸ್ಟೇಜಿಗೂ ಬೇಡ, ಶಾಲೆಗೂ ಬೇಡ ಅಂದರೆ ಆ ಮಗು ಹಗಲೆಲ್ಲಾ ಎಲ್ಲಿರಬೇಕು? ಹೋದ ವರ್ಷ ಅವಳು ಜನರೇಟರ್ ಪಕ್ಕ ಕೂತು ಅದೇ ಹಳೇ ಪಾಠವನ್ನು ತಿರುಗಿ ತಿರುಗಿ ಬರೆಯುತ್ತಿದ್ದಳು. ನಾನೇ ಕಣ್ಣಾರೆ ನೋಡಿದ್ದೇನೆ.

ನಾನು ಕೇಳೋದು ಜಾಸ್ತಿ ಏನಲ್ಲ. ಮೇಷ್ಟ್ರು ಅವತ್ತು ಹಾಳೆಯಲ್ಲಿ ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಮಾಡಿ. ಮಗುವಿನ ಬ್ಯಾಗಲ್ಲಿ ಆ ನೋಟ್‌ಬುಕ್ ಇರಲಿ. ಯಾವ ಊರಿನ ಶಾಲೆಯಲ್ಲಿ ಎಷ್ಟು ದಿನ ಕೂತಳು, ಪಾಠ ಎಲ್ಲಿಗೆ ನಿಂತಿದೆ ಅಂತ ಎರಡು ಸಾಲು ಬರೆದು ಸೀಲು ಹಾಕಿ. ಮುಂದಿನ ಊರಿನವರು ಅಲ್ಲಿಂದ ಶುರು ಮಾಡಲಿ. ಜಾತ್ರೆ ಯಾವಾಗ ಅಂತ ಕ್ಯಾಲೆಂಡರ್‌ನಲ್ಲೇ ಇದೆ, ಟೆಂಟ್ ಎಲ್ಲಿ ಹಾಕ್ತಾರೆ ಅಂತ ಊರಿಗೆಲ್ಲಾ ಗೊತ್ತು. ನಾವೇನು ಕದ್ದು ಬರುವವರಲ್ಲ, ಮೈಕಿನಲ್ಲಿ ಕೂಗಿಕೊಂಡೇ ಬರುತ್ತೇವೆ.

ಇವತ್ತು ಬೆಳಿಗ್ಗೆ ಇನ್ನೂರು ಪುಟದ ನೋಟ್‌ಬುಕ್ ತಂದು ಬೈಂಡ್ ಹಾಕಿದ್ದೇನೆ. ಮೊದಲ ಪುಟದಲ್ಲಿ ಅವಳ ಹೆಸರು, ಕ್ಲಾಸು, ಹಳ್ಳಿ ಶಾಲೆಯ ಹೆಸರು, ನನ್ನ ಫೋನ್ ನಂಬರ್ ಬರೆದಿದ್ದೇನೆ. ರಾಮನಾಥಪುರ, ಬೂಕನಬೆಟ್ಟ, ಸಕಲೇಶಪುರ, ಬೇಲೂರು ಕಡೆಯ ಮೇಷ್ಟ್ರು, ಮೇಡಂಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕಾಮೆಂಟ್‌ನಲ್ಲಿ ತಿಳಿಸಿ. ಷಷ್ಠಿಗೆ ಅವರು ರಾಮನಾಥಪುರದಲ್ಲಿ ಇರುತ್ತಾರೆ. ಸಂಕ್ರಾಂತಿ ಹೊತ್ತಿಗೆ ಬೂಕನಬೆಟ್ಟಕ್ಕೆ ಬರುತ್ತಾರೆ, ಅವಳಿಗೆ ಭಿನ್ನರಾಶಿ ಆ ಹೊತ್ತಿಗೆ ಶುರುವಾಗಿರುತ್ತದೆ.